ವರನ ಡಬ್ಬಿಗಳು

ಹೆಣ್ಣಿನ ಕಡೆಯವರ ಮುಂದೆ ಕೂತರೆ ಸಾಕು, ವಿನೋದನ ನಾಲಿಗೆ ಮಾಳಿಗೆ ಮೇಲಿನ ಸಂಡಿಗೆಯಂತೆ ಒಣಗುತ್ತಿತ್ತು. ಹೀಗೆ ನಾಲ್ಕು ಸಂಬಂಧ ಕೈಬಿಟ್ಟವು. ಮಾನ್ವಿಯ ಕಾಲೇಜೊಂದರಲ್ಲಿ ವೆಬ್ ಪುಟ ಬರೆಯಲು ಕಲಿಸುತ್ತಿದ್ದ ಅವನು ಒಂದು ಉಪಾಯ ಹೂಡಿದ. ತನ್ನ ಬದಲು ಪುಟವೇ ಮಾತಾಡಲಿ! ಊರು, ವಯಸ್ಸು, ಓದು, ಎತ್ತರ, ಈ ನಾಲ್ಕನ್ನೂ ಹೆಸರು ಬರೆದ ಡಬ್ಬಿಗಳಂತೆ ಕೋಡಿನ ಕಪಾಟಾದ ಆಬ್ಜೆಕ್ಟೊಂದರಲ್ಲಿ ತುಂಬಿದ. ಕೇಳುವವರು ಫೋನಿನಲ್ಲಿ ಒತ್ತಿದ ಹೆಸರು ಕೋಡಿನ ಚೌಕ ಕಂಸದೊಳಗೆ ಹೋಗಿ ಕೂತರೆ ಆಯಿತು, ಆ ಹೆಸರಿನ ಡಬ್ಬಿ ತೆರೆಯುತ್ತದೆ.

"ಡಬ್ಬಿನ ಇರದಿದ್ರ?" ಜೊತೆಯ ಮಾಸ್ತರ ಮುಷರ್ರಫ್ ಕೇಳಿದ.

"'ಇಲ್ಲ' ಅಂತದ."

ಭಾನುವಾರ ಇಬ್ಬರೂ ಬಸ್ಸು ಬದಲಿಸಿ ಗಬ್ಬೂರಿಗೆ ಹೋದರು. ಹುಡುಗಿ ಉಮಾಶ್ರೀ ಮಂಡಕ್ಕಿಯ ಸೂಸಲ ಕೊಟ್ಟು, ಒಮ್ಮೆ ನೋಡಿ ನಕ್ಕಳು. ಈ ನಗುವೂ ತಪ್ಪಿದರೆ ಇನ್ನು ಹೆಣ್ಣು ನೋಡುವುದೇ ಬೇಡ ಎಂದುಕೊಂಡ ವಿನೋದ.

ಅವಳ ಅಜ್ಜಿ ಮಾರೆಮ್ಮ ಕೇಳಿದಂತೆ ಉಮಾಶ್ರೀಯೇ ಫೋನಿನಲ್ಲಿ ಆ ಪುಟ ತೆರೆದು ಒತ್ತತೊಡಗಿದಳು.

"ಕುಡಿತ ಹಾಕವ್ವಾ."

ಇಲ್ಲ.

"ಇಸ್ಪೀಟು?"

ಇಲ್ಲ.

"ಬಂಗಾರದಂಥ ಹುಡುಗ! ಕರುಣಿ?"

ಇಲ್ಲ.

"ನಾಚಿಕಿ?"

ಇಲ್ಲ.

ಹುಡುಗಿಯ ಮುಖ ಬಾಡಿತು. ವಿನೋದ ಬಾಯಿ ತೆರೆದ, ಬರೀ ಗಾಳಿ ಬಂತು.

"ಪುಟಕ್ಕ ಜರಾ ಜ್ವರ ಬಂದದ್ರೀ," ಎಂದ ಮುಷರ್ರಫ್ ತನ್ನ ಫೋನಿನಲ್ಲೇ ಕೋಡು ತೆರೆದು, ಡಬ್ಬಿ ಇರದಾಗ ಬರುವ ಆ 'ಇಲ್ಲ' ಅಳಿಸಿ 'ಅದ' ಎಂದು ಬರೆದ. "ಈಗ ಕೇಳ್ರಿ!"

"ಕರುಣಿ?"

ಅದ.

"ನಾಚಿಕಿ?"

ಅದ.

"ಕಾಯಂ ನೌಕರಿ?"

ಅದ.

ವರ್ಷವರ್ಷವೂ ಹೊಸ ಆದೇಶಕ್ಕೆ ಕಾಯುವ ಅತಿಥಿ ಮಾಸ್ತರ ವಿನೋದ ಅದನ್ನು ತಿದ್ದದೆ ಸೂಸಲಕ್ಕೆ ಕೈ ಹಾಕಿದ. ಹುಡುಗಿ ಮತ್ತೆ ನಕ್ಕಿದ್ದಳಲ್ಲ!

"ಸಕ್ರಿ ತರ್ರಿ!" ಎಂದಳು ಅಜ್ಜಿ.

ಗೋಡೆಯಾಚೆಯಿಂದ ನೆರೆಮನೆಯ ಮಹಬೂಬೀ ಇಣುಕಿದಳು. "ಯವ್ವಾ, ಒಂದು ಮರತ್ರಿ. ಮೊದ್ಲ ಹೆಂಡ್ತಿ ಅದಾಳೇನು ಕೇಳ್ರಿ."

ಉಮಾಶ್ರೀ ಒತ್ತಿದಳು.

ಅದ.

ಸಕ್ಕರೆ ತಟ್ಟೆ ಬಾಗಿಲಲ್ಲೇ ನಿಂತಿತು. ವಿನೋದ ಛಂಗನೆ ಎದ್ದ. ಹುಟ್ಟಿದಾಗಿನಿಂದ ಕಟ್ಟಿದ್ದ ಮಾತೆಲ್ಲ ಒಡೆದ ಕಾಲುವೆಯಂತೆ ನುಗ್ಗಿತು.

"ಸುಳ್ಳ್ರೀ ಯವ್ವಾ! ನಮ್ಮವ್ವನಾಣಿ, ನನಗ ಯಾ ಹೆಂಡ್ತೀನೂ ಇಲ್ಲ! ನಾ ತುಂಬಿದ ಡಬ್ಬಿ ನಾಕ. ಡಬ್ಬಿ ಇಲ್ಲದ್ದು ಏನ್ ಕೇಳಿದ್ರೂ ಅದು 'ಅದ' ಅಂತದ್ರೀ!"

"ಹಂಗನು?" ಮಾರೆಮ್ಮ ಉಸಿರು ಬಿಟ್ಟಳು. "ಎದಿ ಒಡದಿತ್ತು ನೋಡು." ಸಕ್ಕರೆ ತಟ್ಟೆಯೂ ಒಳಗೆ ಬಂತು.

ಮುದುಕಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳಲು ಹೋದವಳು ಕೈ ತಡೆದಳು.

"ಅಲ್ಲ ಯಪ್ಪಾ, ಆ ನೌಕರಿ ಡಬ್ಬಿ ತುಂಬೀಯೇನು?"

ಮುಷರ್ರಫ್ ಚಪ್ಪಲಿ ಹುಡುಕಿದ. ಉಮಾಶ್ರೀ ಫೋನನ್ನು ಬೋರಲು ಹಾಕಿ ಒಳಗೆ ಹೋದಳು.