ಸಿಗರೇಟಿನ ಗುಟ್ಟು, ಹುಳಿಪುಡಿಯ ಗುಟ್ಟು

ಆಗ ನನಗೆ ಅರವತ್ತೊಂಬತ್ತು. ಇದು ನಡೆದು ಮೂರು ವರ್ಷವಾಯಿತು. ವಯಸ್ಸಾದರೆ ಬುದ್ಧಿ ಬಲಿಯುತ್ತದೆ ಎನ್ನುತ್ತಾರೆ. ನನಗೆ ಬಲಿತದ್ದು ಬಾಯಿ ಮಾತ್ರ.

ಹಗರೆಯ ಬಸ್ಸು ನಿಲ್ಲುವ ಕಡೆ ನನ್ನದೊಂದು ಪೆಟ್ಟಿಗೆ ಅಂಗಡಿ. ಬೀಡಿ, ಸಿಗರೇಟು, ಬಾಳೆಹಣ್ಣು, ಜೊತೆಗೆ ನಾನೇ ಕುಟ್ಟಿದ ಹುಳಿಪುಡಿ. ಅಂಗಡಿಯ ಹಣೆಗೆ ಸಿಗರೇಟು ಕಂಪನಿಯ ಲೋಕೇಶ ಒಂದು ಬೋರ್ಡು ಹೊಡೆದಿದ್ದ. ಅದರಲ್ಲಿ ಕೋಟು ತೊಟ್ಟ ಗಂಡಸೊಬ್ಬ ಸಿಗರೇಟು ಹಿಡಿದು ಬೆಟ್ಟದ ತುದಿಯಲ್ಲಿ ನಗುತ್ತಾ ನಿಂತಿದ್ದ. ಸೇದುವವರನ್ನು ನಾನು ದಿನಾ ನೋಡುತ್ತೇನೆ. ಬೆಟ್ಟ ಹಾಳಾಗಲಿ, ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು. ಅಷ್ಟು ಸೇದಿ ನಮ್ಮ ಯಜಮಾನರು ಹತ್ತಿದ್ದು ಬೆಟ್ಟವಲ್ಲ, ಚಟ್ಟ.

ಒಂದು ಮಧ್ಯಾಹ್ನ ಲೋಕೇಶ ಸರಕು ಹಾಕುತ್ತಿದ್ದಾಗಲೇ ಬೇಲೂರಿನಿಂದ ಜೀಪಿನಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿ ಬಂದರು. "ಅಜ್ಜಿ, ಸಿಗರೇಟಿನ ಜಾಹೀರಾತು ಹಾಕೋ ಹಾಗಿಲ್ಲ, ಕಾನೂನು" ಎಂದು ಬೋರ್ಡು ಕೀಳಿಸಿದರು.

"ಕೀಳ್ಸಿ ಸ್ವಾಮಿ, ಅವನ ಹಲ್ಲು ನೋಡಿ ನನಗೂ ಸಾಕಾಗೈತೆ. ಹಂಗೇ ಈ ಲೋಕೇಶನ್ನೂ ಕೇಳಿ, ಸಿಗರೇಟಿಗೆ ಏನೇನು ಬೆರೆಸವ್ರೆ ಅಂತ. ಪ್ಯಾಕಿನ ಮೇಲೆ ಕೊಳೆತ ಗಂಟಲಿನ ಚಿತ್ರ ಐತೆ, ಒಳಗೇನೈತೆ ಅಂತ ಒಂದಕ್ಷರ ಇಲ್ಲ."

ಲೋಕೇಶ ಹಲ್ಲು ಕಿರಿದ. "ಅದು ಕಂಪನಿ ಗುಟ್ಟು ಕಣಜ್ಜಿ. ಹೇಳಿದ್ರೆ ಬೇರೆಯೋರು ಕದ್ದುಬಿಡ್ತಾರೆ."

"ಜನರ ಎದೆಯೊಳಕ್ಕೆ ಹೋಗೋದಕ್ಕೆ ಗುಟ್ಟೇನೋ? ಮಾನ ಇರೋರು ಬಾಯಿಬಿಟ್ಟು ಹೇಳ್ತಾರೆ!"

ಬಸ್ಸಿಗೆ ಕಾದವರೆಲ್ಲ ನಕ್ಕರು. ನಾನು ಸೆರಗು ಸರಿಮಾಡಿಕೊಂಡೆ. ಅಷ್ಟರಲ್ಲಿ ಅಧಿಕಾರಿ ಹುಳಿಪುಡಿಯ ಪೊಟ್ಟಣ ಎತ್ತಿಕೊಂಡರು. "ಇದರ ಮೇಲೂ ಏನೂ ಬರ್ದಿಲ್ವಲ್ಲ? ಏನೇನು ಹಾಕಿದೀರಿ ಅಂತ ಬರೀಬೇಕು. ನಾಳೆ ಬರ್ತೀನಿ. ಬರೆದಿಲ್ಲ ಅಂದ್ರೆ ಮಾರೋ ಹಾಗಿಲ್ಲ."

"ಸಿಗರೇಟಿಗೆ ಬೇಡ್ವಾ?"

"ಅದರ ಕಾನೂನೇ ಬೇರೆ."

"ಹಂಗಾದ್ರೆ ನಾನೂ ಒಂದು ಕೊಳೆತ ಗಂಟಲು ಅಂಟಿಸ್ತೀನಿ, ಬಿಟ್ಬಿಡಿ."

ಅವರು ನಗಲಿಲ್ಲ. "ಅಷ್ಟಕ್ಕೂ ಏನು ಹಾಕ್ತೀರಿ, ಹೇಳಿ."

ಎದುರು ಅಂಗಡಿಯಲ್ಲಿ ನನ್ನ ಓರಗಿತ್ತಿ ಪುಟ್ಟಮ್ಮ ಕತ್ತು ಉದ್ದ ಮಾಡಿ ಕೂತಿದ್ದಳು. ಅವಳೂ ಹುಳಿಪುಡಿ ಮಾರುತ್ತಾಳೆ, ಕೊಳ್ಳುವವರಿಲ್ಲ. "ಅದು ನಮ್ಮನೆ ಗುಟ್ಟು ಸ್ವಾಮಿ. ಹೇಳಿದ್ರೆ ಅವಳು ಕದ್ದುಬಿಡ್ತಾಳೆ" ಎಂದೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಲೋಕೇಶ ಕೈಮುಗಿದ. "ಅಜ್ಜಿ, ನಮ್ಮ ಕಂಪನಿಗೆ ಬಂದ್ಬಿಡಿ."

ಗುಟ್ಟು ಇಷ್ಟೇ: ಹುರಿದ ಹುರುಳಿ. ಎತ್ತಿಗೆ ಬೇಯಿಸಿ ಹಾಕುವ ಅದೇ ಹುರುಳಿ. ಅರಸೀಕೆರೆಯ ಕೊಬ್ಬರಿ ಸಾಹುಕಾರರ ಮನೆಯವರು "ಏನು ಘಮ!" ಎಂದು ಹೊತ್ತುಕೊಂಡು ಹೋಗುವುದು ಅದನ್ನೇ. ಬರೆದರೆ ಗಿರಾಕಿ ಹೋದರು. ಬರೆಯದಿದ್ದರೆ ಪುಡಿಯೇ ಹೋಯಿತು.

ಮರುದಿನ ಬೆಳಿಗ್ಗೆ ಪೊಟ್ಟಣಗಳನ್ನು ಮುಂದಿಟ್ಟುಕೊಂಡು ಕೂತೆ. ಎರಡನೇ ಕ್ಲಾಸಿನಲ್ಲಿ ಕಲಿತ ಅಕ್ಷರದಲ್ಲೇ ಕೊತ್ತಂಬರಿ, ಮೆಣಸಿನಕಾಯಿ, ಮೆಂತ್ಯ ಎಂದು ದಪ್ಪಗೆ ಬರೆದೆ. ಹುರುಳಿಯನ್ನೂ ಬರೆದೆ, ಸುಳ್ಳು ಹೇಳಬಾರದು. ಹಿಂದಿನ ಕಾಲದಲ್ಲಿ ಸಿಗರೇಟಿನವರು ಎಚ್ಚರಿಕೆ ಬರೆಯುತ್ತಿದ್ದಷ್ಟು ಸಣ್ಣಗೆ, ಪೊಟ್ಟಣದ ಮಡಿಕೆಯೊಳಗೆ.