ಒಂದೇ ಡಬ್ಬಿಯಲ್ಲಿ ಎರಡು ಹುಳು

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವನಿಗೆ ಒಂದು ಹುಳುವಿನ ಗುರುತು ಹೇಳುವುದು ಏನು ಮಹಾ ಕೆಲಸ! ಈ ಧೈರ್ಯದ ಮೇಲೆಯೇ, ಭಾನುವಾರ ಕೆಲಗೇರಿ ಕೆರೆಯ ದಂಡೆಯಲ್ಲಿ ನಮ್ಮ ನಿಸರ್ಗ ಬಳಗಕ್ಕೆ ಪಾಠ ಮಾಡಲು ಒಪ್ಪಿಕೊಂಡೆ. ಬಳಗಕ್ಕೆ ಒಬ್ಬ ಖಾಯಂ ಮಾರ್ಗದರ್ಶಕ ಬೇಕಾಗಿತ್ತು. ನನಗೆ, ನಿವೃತ್ತಿಯ ನಂತರ 'ಸರ್' ಎಂದು ಕರೆಯುವವರು ಬೇಕಾಗಿತ್ತು. ಆ ಪಟ್ಟದ ಮೇಲೆ ನನಗೆ ನಾಚಿಕೆ ಬಿಟ್ಟ ಆಸೆ.

ವಿಷಯ: ಔಲ್‌ಫ್ಲೈ ಎಂಬ ಹಾರುವ ಕೀಟದ ಮರಿಹುಳು. ಚಪ್ಪಟೆ ಮೈ, ಅಗಲ ತಲೆ, ಕುಡುಗೋಲಿನಂಥ ಎರಡು ದವಡೆ. ಮಣ್ಣಿನಲ್ಲಿ ಕುಣಿ ತೋಡಿ ಇರುವೆ ಹಿಡಿಯುವ ಹುಳು ಇದರ ದಾಯಾದಿ. ನೋಡಲು ಹೆಚ್ಚುಕಡಿಮೆ ಹೀಗೆಯೇ. ಹಿತ್ತಲಿನ ಒಣ ಎಲೆಗಳಡಿ ಮೊದಲನೆಯದು ಸಿಕ್ಕಿತು, ಕಟ್ಟೆಯ ಬುಡದ ಮಣ್ಣಿನಲ್ಲಿ ಎರಡನೆಯದು. ಶನಿವಾರ ಎರಡನ್ನೂ ತುಸು ಮಣ್ಣು, ಕಸದ ಸಮೇತ ಒಂದೇ ಪೇಡೆ ಡಬ್ಬಿಗೆ ಹಾಕಿದೆ. 'ವ್ಯತ್ಯಾಸ ಬರೆಯಿರಿ' ಎಂದು ಪ್ರಶ್ನೆ ಕೊಟ್ಟೇ ಆಯುಷ್ಯ ಸವೆಸಿದವನಿಗೆ ಎರಡನ್ನು ಅಕ್ಕಪಕ್ಕ ಇಡದಿದ್ದರೆ ಸಮಾಧಾನವಿಲ್ಲ.

ಹೆಂಡತಿ ಸುಮಿತ್ರಾ ಇಣುಕಿದಳು. "ಅಯ್ಯ, ಇದರ ಬದಿಗೆಲ್ಲಾ ಪರದೆ ಅಂಚಿಗೆ ಝಾಲರ ಹಚ್ಚಿದಂಗ ಐತಲ್ರಿ! ಅದಕ್ಕ ಇಲ್ಲ. ಮತ್ತ ಎರಡೂ ಒಂದ ಡಬ್ಬ್ಯಾಗ ಯಾಕ ಹಾಕೀರಿ? ಅವುಗಳ ಬಾಯಿ ನೋಡ್ರಿ ಒಮ್ಮೆ."

"ನಿನಗ ತಿಳಿಯೂದಿಲ್ಲ. ಇದಕ್ಕ ತುಲನಾತ್ಮಕ ಅಧ್ಯಯನ ಅಂತಾರ."

ಭಾನುವಾರ ಇಪ್ಪತ್ತು ಜನ ಸುತ್ತ ನಿಂತರು. ಸುಮಿತ್ರಾಳೂ ಬಂದಿದ್ದಳು. ದೀರ್ಘ ಪೀಠಿಕೆಯ ನಂತರ, ಗಂಭೀರವಾಗಿ ಡಬ್ಬಿ ತೆರೆದೆ.

ಒಳಗೆ ಒಂದೇ ಹುಳು! ಇನ್ನೊಂದರದು, ರಸ ಹೀರಿ ಬಿಟ್ಟ ಸಿಪ್ಪೆ. ಉಳಿದದ್ದು ಮೈತುಂಬ ಮಣ್ಣು, ಕಸ ಹೇರಿಕೊಂಡು, ದವಡೆ ಅಗಲಿಸಿ ಮಿಸುಕದೆ ಕೂತಿತ್ತು.

"ಸರ್, ಇದು ಎರಡರಾಗ ಯಾವುದ್ರಿ?" ಬಳಗದ ಹಿರಿಯರಾದ ದೇಸಾಯರು ಕೇಳಿದರು.

ನನ್ನ ಪ್ರಶ್ನೆಯೂ ಅದೇ. ಆದರೆ ಮೇಷ್ಟ್ರು ಗೊತ್ತಿಲ್ಲ ಎನ್ನಬಹುದೇ? ಮೈಮೇಲಿನ ಮಣ್ಣು ನೋಡಿ ಘೋಷಿಸಿದೆ: "ಇದು ಕುಣಿ ತೋಡೂ ಹುಳಾರಿ. ಉಸುಕಿನ ಮ್ಯಾಲೆ ಬಿಡ್ತೇನಿ, ಹಿಂದ ಹಿಂದ ಸರದು ಕುಣಿ ತೋಡತೈತಿ, ನೋಡ್ರಿ."

ಬಿಟ್ಟೆ. ತೋಡಲಿಲ್ಲ. ಹತ್ತು ನಿಮಿಷ ಕಾದೆವು. ಜನ ಒಬ್ಬೊಬ್ಬರಾಗಿ ಕೆರೆಯ ಹಕ್ಕಿಗಳ ಕಡೆ ತಿರುಗಿದರು. ನಾನು ಪ್ರೋತ್ಸಾಹಾರ್ಥವಾಗಿ ಬೆರಳಿನಿಂದ ತುಸು ನೂಕಿದೆ. ಅದು ಮುಂದಕ್ಕೆ ನಡೆದು, ನನ್ನ ಬೆರಳನ್ನೇ ಏರಿ, ಕಚ್ಚಿತು!

"ಅಯ್ಯಯ್ಯಪ್ಪೋ!" ಎಂದು ಕೈ ಜಾಡಿಸಿದೆ. ಆ ದಿನದ ಪಾಠದಲ್ಲಿ ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿದ ಮಾತು ಅದೊಂದೇ.

ಹುಳು ಕೆಳಗೆ ಬಿದ್ದು ಮೈಮೇಲಿನ ಮಣ್ಣು ಉದುರಿತು. ಸುಮಿತ್ರಾ ಅದನ್ನು ಎಲೆಯ ಮೇಲೆ ಎತ್ತಿಕೊಂಡಳು. "ಇದು ಔಲ್‌ಫ್ಲೈ ಮರಿ ಐತ್ರಿ. ಬದಿಗೆ ಝಾಲರ ನೋಡ್ರಿ. ಇದು ಕುಣಿ ತೋಡೂದಿಲ್ಲ, ಮೈಮ್ಯಾಲೆ ಕಸ ಹೇರಿಕೊಂಡು ಅಡಗಿ ಕೂಡತೈತಿ. ಇವರು ನಾಕ ದಿನದಿಂದ ಮನ್ಯಾಗ ಬಾಯಿಪಾಠ ಮಾಡಾಕತ್ತಾರ, ಕೇಳಿ ಕೇಳಿ ನನಗ ಬಂದುಬಿಟ್ಟೈತಿ."

ಹಕ್ಕಿ ನೋಡುತ್ತಿದ್ದವರೆಲ್ಲ ಓಡಿಬಂದು ಅವಳ ಸುತ್ತ ಬಗ್ಗಿದರು.

"ಖರೇ ಛಲೋ ಹೇಳಿದ್ರಿ ಮೇಡಂ," ಎಂದರು ದೇಸಾಯರು. "ಇನ್ನ ಮ್ಯಾಲೆ ಪಾಠ ನೀವ ಮಾಡ್ರಿ."

"ಮತ್ತ ಇವರು?"

ದೇಸಾಯರು ನನ್ನ ಊದಿದ ಬೆರಳನ್ನು ನೋಡಿ ತುಸು ಯೋಚಿಸಿದರು. "ಸರ್ ಹುಳಾ ಹಿಡಕೊಂಡು ಬರ್ಲಿ ಬಿಡ್ರಿ. ಅವುಗಳ ಪರಿಚಯ ಆಗೇತಲ್ಲ."

ಅಂತೂ ಖಾಯಂ ಹುದ್ದೆ ಸಿಕ್ಕಿತು. ಮೇಡಂ ಅವರ ಅಪ್ಪಣೆಯಾದರೆ ಸಾಕು, ಡಬ್ಬಿ ಹಿಡಿದು ಹಿತ್ತಲಿಗೆ ಹೊರಡುತ್ತೇನೆ!