ನೆಲದ ಬಾಯಿಗೆ ಬೀಗ

ಈ ಮನೆಯ ನೆಲದ ಬಾಯಿ ಮುಚ್ಚಿಸದೆ ಬಿಡುವುದಿಲ್ಲ ಎಂದು ಲೈಬ್ರರಿ ಸಾಹೇಬರು ಭೀಷ್ಮಪ್ರತಿಜ್ಞೆ ಮಾಡಿದ್ದು ಒಂದು ಮಧ್ಯಾಹ್ನ, ಊಟವಾದ ಮೇಲೆ, ಆರಾಮಕುರ್ಚಿಯಲ್ಲಿ ಒರಗಿಕೊಂಡು. ಪ್ರತಿಜ್ಞೆಯನ್ನು ಮನಸ್ಸಿನೊಳಗೇ ಮಾಡಿದರು. ಹೆಂಡತಿ ಪಕ್ಕದ ಕೋಣೆಯಲ್ಲೇ ಮಲಗಿದ್ದರಲ್ಲ!

ಸಾಹೇಬರ ತಾಕತ್ತಿನ ಬಗ್ಗೆ ಯಾರಿಗೂ ಅನುಮಾನ ಬೇಡ. ಸೇವೆಯುದ್ದಕ್ಕೂ ಅವರು ಲೈಬ್ರರಿಯಲ್ಲಿ ಕಾಪಾಡಿದ್ದು ಪುಸ್ತಕಗಳನ್ನಲ್ಲ, ಮೌನವನ್ನು. ಅವರ ಕಾಲದಲ್ಲಿ ಸೀನು ಬಂದವರು ಹೊರಗೆ ಹೋಗಿ, ರಸ್ತೆ ದಾಟಿ, ಸೀನಿ ಬರುತ್ತಿದ್ದರು. ಗೋಡೆಯ ಹಲ್ಲಿ ಕೂಡ ಲೊಚಗುಟ್ಟುವ ಮೊದಲು ಅವರ ಮುಖ ನೋಡುತ್ತಿತ್ತು. ಅಂಥವರ ಸ್ವಂತ ಮನೆಯಲ್ಲಿ ನೆಲವೇ ಬಾಯಿಬಡುಕನಾಗಿತ್ತು. ಹಳೆಯ ಮನೆ, ಹಲಗೆಯ ನೆಲ. ಕಾಲಿಟ್ಟರೆ ಒಂದು ಹಲಗೆ ಕಿರ್ ಎನ್ನುವುದು, ಇನ್ನೊಂದು ಗೊರ್ ಎನ್ನುವುದು, ಮತ್ತೊಂದು ಬಾಲ ತುಳಿಸಿಕೊಂಡ ಬೆಕ್ಕಿನಂತೆ ಚೀರುವುದು.

ಅದನ್ನೂ ಸಹಿಸಿಕೊಳ್ಳಬಹುದಿತ್ತು. ಆದರೆ ಹೆಂಡತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅರ್ಧ ಆಯುಷ್ಯ ಕಳೆದವರು. ಆ ಕಡೆಯವರು ಬರೀ ಉಸಿರು ಬಿಟ್ಟರೆ ಸಾಕು, ಯಾವ ಊರಿನವರು, ಅವರಿಗೆ ನೆಗಡಿಯಾಗಿ ಎಷ್ಟು ದಿನವಾಯಿತು ಎಂದು ಹೇಳಬಲ್ಲ ಕಿವಿ ಅವರದು. ನಿವೃತ್ತಿಯಾದ ಮೇಲೆ ಆ ಕಿವಿಗೆ ಬೇರೆ ಕೆಲಸವಿಲ್ಲದೆ, ನೇರವಾಗಿ ಗಂಡನ ಕಾಲಿಗೆ ಲೈನು ಜೋಡಿಸಿಕೊಂಡಿತ್ತು.

ಗಂಡನ ಕಾಲಿಗೋ, ಹೋಗಬೇಕಾದ ಜಾಗವೊಂದಿತ್ತು. ವರ್ಷದ ಹಿಂದೆ ಡಾಕ್ಟರು ಸಾಹೇಬರಿಗೆ ಸಿಹಿ ಬಿಡಿಸಿದ್ದರು. ಆವತ್ತೇ ಹೆಂಡತಿ, ಮಗಳು ಅಳಿಯಂದಿರ ಎದುರು, ಇವರಿಗಿಲ್ಲದ ಸಿಹಿ ನನಗೂ ಬೇಡ ಎಂದು ಘೋಷಿಸಿ ತಾವೂ ಬಿಟ್ಟರು. ಅಳಿಯ ಕಣ್ಣೊರೆಸಿಕೊಂಡ. ಬೀಗಿತ್ತಿ ಫೋನು ಮಾಡಿ ಹೊಗಳಿದರು. ಆಮೇಲೆ ಮನೆಯಲ್ಲಿ ಉಳಿದ ಸಿಹಿಯೆಂದರೆ, ಬಂದವರಿಗೆ ಇರಲಿ ಎಂದು ಅತಿಥಿಕೋಣೆಯ ಬೀರುವಿನಲ್ಲಿಟ್ಟ ಬೆಣ್ಣೆ ಬಿಸ್ಕತ್ತಿನ ಡಬ್ಬವೊಂದೇ. ಮೈತುಂಬ ಸಕ್ಕರೆ ಉದುರಿಸಿದ ಬಿಸ್ಕತ್ತು! ಅತಿಥಿಕೋಣೆ ಕಾರಿಡಾರಿನ ಕೊನೆಗೆ. ನಡುವೆ ಆ ಚಾಡಿಕೋರ ಹಲಗೆಗಳ ಸಾಲು.

ಹೆಂಡತಿಯ ಗೊರಕೆ ಶುರುವಾದದ್ದೇ ಸಾಹೇಬರು ತುದಿಗಾಲಲ್ಲಿ ಹೊರಡುವರು. ಅರ್ಧ ದಾರಿ ದಾಟುವಷ್ಟರಲ್ಲಿ ಆಕೆ ಕಣ್ಣನ್ನೂ ತೆರೆಯದೆ, ಗೊರಕೆಯನ್ನು ಹೋಲ್ಡ್‌ನಲ್ಲಿಟ್ಟು ವಿಚಾರಿಸುವರು.

“ಕಿರ್ ಅಂತು. ಬೀರು ಕಡೆ ಹೊರಟ್ರಾ?”

“ಇಲ್ವೇ, ಕನ್ನಡಕ ಹುಡುಕ್ತಿದ್ದೆ.”

“ಮೂಗಿನ ಮೇಲಿದೆ. ವಾಪಸ್ ಬನ್ನಿ.”

ಹೀಗೆ ಒಂದು ವರ್ಷ. ಡಬ್ಬದ ಮುಚ್ಚಳವನ್ನು ಸಾಹೇಬರು ಕನಸಿನಲ್ಲಿ ಬಿಟ್ಟರೆ ಮುಟ್ಟಿರಲಿಲ್ಲ. ಕೊನೆಗೆ ಹೊಳೆಯಿತು, ಕಾರ್ಪೆಟ್!

ಪಾಪ, ನಿನ್ನ ಮಂಡಿನೋವಿಗೆ ತಣ್ಣಗಿನ ನೆಲ ಆಗುವುದಿಲ್ಲ ಎಂದು ಹೆಂಡತಿಯ ಮುಂದೆ ಕರುಣಾರಸ ಹರಿಸಿದರು. ಆಕೆ ಗಂಡನನ್ನು ಮೇಲಿಂದ ಕೆಳಗೆ ನೋಡಿ, ಮಂಡಿ ನೋಯಲು ಶುರುವಾಗಿ ಯಾವ ಕಾಲವಾಯಿತು, ಈಗ ನೆನಪಾಯಿತೇ ಎಂದು ಕೇಳಿದರು. ಆದರೂ ಬೇಡವೆನ್ನಲಿಲ್ಲ.

ಅಂಗಡಿಯವನು ಹೂವಿನದು, ಗೆರೆಯದು, ಚೌಕುಳಿಯದು ಎಂದು ಬಿಚ್ಚಿ ಬಿಚ್ಚಿ ಹಾಸಿದ. ಸಾಹೇಬರು ಬಣ್ಣದ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಚಪ್ಪಲಿ ಕಳಚಿ, ಕಣ್ಣು ಮುಚ್ಚಿ, ಒಂದೊಂದರ ಮೇಲೂ ಕೊಕ್ಕರೆಯಂತೆ ಹೆಜ್ಜೆಯಿಟ್ಟರು. ನಿಂತರು. ಕಿವಿಗೊಟ್ಟರು. ಆಮೇಲೆ ಎರಡು ಸಲ ಕುಪ್ಪಳಿಸಿದರು. ಬೇರೆ ಗಿರಾಕಿಗಳು ಮಕ್ಕಳನ್ನು ಹತ್ತಿರಕ್ಕೆ ಎಳೆದುಕೊಂಡರು.

“ಡ್ಯಾನ್ಸ್ ಕ್ಲಾಸಿಗಾ ಸಾರ್?” ಎಂದು ಅಂಗಡಿಯವನು ವಿನಯದಿಂದ ಕೇಳಿದ.

“ಮನೆಗೆ. ಸಪ್ಪಳ ಬರಬಾರದು, ಅಷ್ಟೇ.”

“ಹಾಗಾದ್ರೆ ತಪ್ಪು ಜಾಗದಲ್ಲಿ ಕುಣೀತಿದೀರಿ. ಕಾರ್ಪೆಟ್ ಕಣ್ಣಿಗೆ ಸಾರ್. ಕಿವಿಗೆ ಬೇಕಾದ್ದು ಅಂಡರ್‌ಲೇ.”

ಕಾರ್ಪೆಟ್ಟಿನ ಅಡಿಗೆ ಹಾಸುವ ಮೆತ್ತೆಗೆ ಹಾಗೆನ್ನುತ್ತಾರಂತೆ. ರಬ್ಬರಿನದು, ಸ್ಪಂಜಿನದು, ಒತ್ತಿದ ಉಣ್ಣೆಯದು ಎಂದು ತುಂಡುಗಳನ್ನು ತಂದು ಗುಡ್ಡೆ ಹಾಕಿದ. ಮನೆಗೆ ಮಧ್ಯಮ ದಪ್ಪದ್ದು ಸಾಕು, ಅದಕ್ಕಿಂತ ದಪ್ಪ ಹಾಕಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ, ಕಾಲು ಹೂತುಹೋಗುತ್ತದೆ ಎಂದು ಬುದ್ಧಿಯನ್ನೂ ಹೇಳಿದ. ಸಾಹೇಬರ ಕಿವಿಗೆ ಬಿದ್ದದ್ದು ದಪ್ಪ ಎಂಬ ಮಾತೊಂದೇ. ಅಂಗಡಿಯಲ್ಲಿ ಎಲ್ಲಕ್ಕಿಂತ ದಪ್ಪನೆಯದು ಯಾವುದಿದೆಯೋ ಅದನ್ನು ಹಾಕಿ, ಅದೂ ಎರಡು ಪದರ ಎಂದು ಅಪ್ಪಣೆ ಕೊಡಿಸಿದರು.

ಎಲ್ಲಿಂದ ಎಲ್ಲಿಗೆ ಹಾಸಬೇಕು ಎಂದು ಕೇಳಿದಾಗ ಮಾತ್ರ ಸ್ವಲ್ಪ ತಡವರಿಸಿದರು. ಆರಾಮಕುರ್ಚಿಯಿಂದ ಹೊರಟು, ಕಾರಿಡಾರಿನಲ್ಲಿ ಸಾಗಿ, ಅತಿಥಿಕೋಣೆಯ ಬೀರುವಿನ ಬುಡದಲ್ಲಿ ನಿಲ್ಲುವ ಹಾಗೆ ವಿವರಿಸಿದರು. ಇದೇನು ಸಾರ್, ಇಡೀ ಮನೆ ಬಿಟ್ಟು ಕಾಲುವೆಯ ಹಾಗೆ ಉದ್ದಕ್ಕೆ ಹಾಸಿಸ್ತೀರಾ ಎಂದು ಅಂಗಡಿಯವನು ತಲೆ ಕೆರೆದುಕೊಂಡ.

ಅಷ್ಟು ಹೊತ್ತೂ ಮೂಲೆಯಲ್ಲಿ ಕೆನೆಬಣ್ಣದ ಕಾರ್ಪೆಟ್ಟೊಂದನ್ನು ಸವರುತ್ತ ನಿಂತಿದ್ದ ಹೆಂಡತಿ ಬಾಯಿಬಿಟ್ಟರು. “ನನ್ನ ಮಂಡಿ ಕಾರಿಡಾರಲ್ಲಿ ಮಲಗಲ್ಲ ರೀ. ನನ್ನ ಕೋಣೆಯಿಂದಾನೂ ಹಾಸಿಸಿ.”

ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸಾಹೇಬರು ಅವಸರವಸರವಾಗಿ, ಇಡೀ ಮನೆಗೇ ಹಾಸಿಬಿಡಪ್ಪ, ಒಂದು ಹಲಗೆಯೂ ಹೊರಗೆ ಇಣುಕಬಾರದು ಎಂದುಬಿಟ್ಟರು. ಹೆಂಡತಿ ಸವರುತ್ತಿದ್ದ ಕೆನೆಬಣ್ಣದ್ದೇ ನಿಶ್ಚಯವಾಯಿತು. ಅದರ ಎಳೆಗಳು ಎಷ್ಟು ಉದ್ದವೆಂದರೆ, ಅಂಗಡಿಯವನು ಬೆಲೆ ಹೇಳುತ್ತ ಬೀಳಿಸಿದ ಪೆನ್ನು ಇಂದಿಗೂ ಸಿಕ್ಕಿಲ್ಲವಂತೆ.

ಕಾರ್ಪೆಟ್ ಬಂತು. ಮನೆಯ ನೆಲ ಉಬ್ಬಿದ ರೊಟ್ಟಿಯಂತೆ ಮೇಲೆದ್ದಿತು. ಬಾಗಿಲುಗಳೆಲ್ಲ ಸಿಕ್ಕಿಕೊಂಡವು. ಬಚ್ಚಲಿನೊಳಗಿದ್ದ ಸಾಹೇಬರು ಒಳಗೇ ಉಳಿದರು. ಹಾಸುವವನು ಬಾಗಿಲನ್ನು ಕೀಲು ಸಮೇತ ಕಳಚಿದಾಗ ಅವರು ಟವೆಲಿನಲ್ಲಿದ್ದರು, ಹಜಾರದಲ್ಲಿ ಎದುರುಮನೆಯವರು ಹೊಸ ಕಾರ್ಪೆಟ್ ನೋಡಲು ಬಂದು ನಿಂತಿದ್ದರು. ಬಡಗಿ ಬಂದು ಎಲ್ಲ ಬಾಗಿಲುಗಳ ಬುಡ ಕೊಯ್ದ. ಮೇಜು ಕುರ್ಚಿಗಳು ದೋಣಿಯ ಹಾಗೆ ತೂಗಾಡತೊಡಗಿದವು. ನೋಡಲು ಬಂದ ಮಗಳು ಮೊಣಕಾಲಿನವರೆಗೆ ಹೂತು, ಅಪ್ಪ, ಇದು ನೆಲಾನಾ ಹಾಸಿಗೇನಾ ಎಂದಳು. ಸಾಹೇಬರು ಯಾವುದಕ್ಕೂ ಜಗ್ಗಲಿಲ್ಲ. ಹೆಂಡತಿಯನ್ನು ಕೋಣೆಯಲ್ಲಿ ಮಲಗಿಸಿ, ತಾವು ಕಾರಿಡಾರಿನ ಉದ್ದಕ್ಕೂ ನಡೆದು ಬಂದರು.

“ಏನಾದ್ರೂ ಕೇಳಿಸ್ತಾ?”

“ಯಾವಾಗ ನಡೀತೀರಿ?”

“ನಡೆದು ಬಂದೂ ಆಯ್ತು!”

“ಅಯ್ಯೋ, ಲೈನು ಪೂರ್ತಿ ಸತ್ತುಹೋಗಿದೆ ಕಣ್ರೀ,” ಎಂದು ಹೆಂಡತಿ ಮಗ್ಗುಲಾದರು.

ಕಾರ್ಪೆಟ್ ಹಾಸಿದ ದಿನವೇ ಬೀರುವಿಗೆ ಕೈ ಹಾಕುವಷ್ಟು ಹಸುಗೂಸಲ್ಲ ಸಾಹೇಬರು. ಅನುಮಾನ ಆರಲಿ ಎಂದು ಒಂದು ವಾರ ಋಷಿಯಂತೆ ಕುಳಿತರು. ಮಧ್ಯಾಹ್ನವಾದರೆ ಪೇಪರು ಮುಖಕ್ಕೆ ಹೊದ್ದು ಕುರ್ಚಿಯಲ್ಲೇ ತೂಕಡಿಸಿದರು. ಹೆಂಡತಿಯಂತೂ ಆ ವಾರ ಏನು ನಗು, ಏನು ಮುಖದ ಕಳೆ! ಮಂಡಿಗೆ ಹಿತವಾಗಿರಬೇಕು ಎಂದು ಸಾಹೇಬರು ಅಂದುಕೊಂಡರು.

ಎಂಟನೆಯ ಮಧ್ಯಾಹ್ನ ಗೊರಕೆ ಕೇಳಿದ್ದೇ ಎದ್ದರು. ಕಾರಿಡಾರು ತುಟಿಪಿಟಕ್ಕೆನ್ನಲಿಲ್ಲ. ಬುಡ ಕೊಯ್ದ ಬಾಗಿಲು ಗಾಳಿಯಂತೆ ಸರಿಯಿತು. ಬೀರು ತೆರೆದು, ಕೂಸನ್ನೆತ್ತಿಕೊಂಡಂತೆ ಡಬ್ಬವನ್ನೆತ್ತಿಕೊಂಡು, ಉಸಿರು ಬಿಗಿಹಿಡಿದು ಮುಚ್ಚಳ ಎತ್ತಿದರು.

ಡಬ್ಬ ಬರಿದು! ಮೂಲೆಯಲ್ಲಿ ಒಂದಿಷ್ಟು ಸಕ್ಕರೆ ಹರಳು, ಅಷ್ಟೇ.

ಮನೆಗೆ ಈಚೆಗೆ ಬಂದವರು ಯಾರೂ ಅತಿಥಿಕೋಣೆಗೆ ಕಾಲಿಟ್ಟಿರಲಿಲ್ಲ. ಸಾಹೇಬರು ದಿಕ್ಕೆಟ್ಟು ತಲೆ ತಗ್ಗಿಸಿದರು. ಕೆನೆಬಣ್ಣದ ಎಳೆಗಳ ಮೇಲೆ, ಕೆನೆಯ ಮೇಲೆ ಬೆಕ್ಕು ನಡೆದಂತೆ, ಪುಟ್ಟ ಪುಟ್ಟ ಹೆಜ್ಜೆಯ ಗುಳಿಗಳು. ಮಲಗುವ ಕೋಣೆಯಿಂದ ಬೀರುವಿಗೆ ಒಂದು ಸಾಲು. ಬೀರುವಿನಿಂದ ಮಲಗುವ ಕೋಣೆಗೆ ಇನ್ನೊಂದು ಸಾಲು.

ಅಳಿಯನ ಕಣ್ಣೀರು, ಬೀಗಿತ್ತಿಯ ಹೊಗಳಿಕೆ ಎಲ್ಲ ನೆನಪಾಗಿ ಸಾಹೇಬರ ರಕ್ತ ಕುದಿಯಿತು. ಈಗಲೇ ಎಬ್ಬಿಸಿ ಕೇಳಬೇಕು! ಏನೆಂದು ಕೇಳುವುದು? ಡಬ್ಬ ಬರಿದಾದದ್ದು ನಿಮಗೆ ಹೇಗೆ ಗೊತ್ತಾಯಿತು ಎಂದು ಆಕೆಯೇ ತಿರುಗಿ ಕೇಳಿದರೆ? ರುಜುವಾತು ಕಣ್ಣ ಮುಂದಿದೆ, ಬಾಯಿ ಬಿಡುವ ಹಾಗಿಲ್ಲ. ಅಷ್ಟರಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು. ಆರಾಮಕುರ್ಚಿಯಿಂದ ಬೀರುವಿನವರೆಗೆ, ಆನೆ ನಡೆದಂತೆ, ಅವರವೇ ಹೆಜ್ಜೆಗಳು!

ಬೀರುವಿನಲ್ಲಿದ್ದ ಬಟ್ಟೆಯ ಬ್ರಶ್ಶು ಕೈಗೆ ಸಿಕ್ಕಿತು. ನಾಲ್ಕು ಕಾಲಿನಲ್ಲಿ ಬಗ್ಗಿ, ಹಿಂದಕ್ಕೆ ಹಿಂದಕ್ಕೆ ತೆವಳುತ್ತ, ತಮ್ಮ ಗುಳಿಗಳನ್ನೆಲ್ಲ ಒಂದೊಂದಾಗಿ ತಿಕ್ಕಿ ಅಳಿಸತೊಡಗಿದರು. ಬೆವರು ಮೂಗಿನ ತುದಿಗಿಳಿಯಿತು. ಕಾರಿಡಾರಿನ ನಡುವೆ ಅವರ ಹಿಮ್ಮಡಿ ಮೆತ್ತಗಿನ ಯಾವುದಕ್ಕೋ ತಾಗಿತು. ತಿರುಗಿ ನೋಡಿದರೆ ಹೆಂಡತಿ. ಯಾವಾಗ ಬಂದು ನಿಂತಿದ್ದರೋ, ಲೈಬ್ರರಿಯನ್ನು ಆಳಿದ ಆ ಕಿವಿಗಳಿಗೆ ಒಂದಿಷ್ಟೂ ಸುಳಿವಿಲ್ಲ.

ಆಕೆ ಬ್ರಶ್ಶನ್ನು ನೋಡಿದರು, ತಿಕ್ಕಿದ ಗುರುತನ್ನು ನೋಡಿದರು, ಬೇಸರದಿಂದ ತಲೆಯಾಡಿಸಿದರು.

“ಎಳೆ ಹೋಗೋ ದಿಕ್ಕಿಗೆ ಬಾಚಬೇಕು ಕಣ್ರೀ, ಎದುರು ತಿಕ್ಕಿದ್ರೆ ಇನ್ನೂ ಎದ್ದು ಕಾಣತ್ತೆ. ವಾರದಿಂದ ದಿನಾ ಬಾಚ್ತಿದ್ದೆ, ನನಗೆ ಗೊತ್ತಿಲ್ವಾ? ಇವತ್ತೊಂದಿನ ನಿದ್ದೆ ಎಳೀತು ಅಂತ ಬಿಟ್ಟೆ. ಹೇಗೂ ಬಗ್ಗಿದೀರಿ, ನನ್ನದನ್ನೂ ಬಾಚಿಬಿಡಿ.”